ಪುಕ್ಕ ಕೀಳುವ ಡ್ರಮ್ಮು ಮತ್ತು ನಮ್ಮವ್ವ

ಅಂಜುಬುರುಕರಿಗೆ ಇಂಥ ಪ್ರಸಂಗಗಳು ಬಿಡುವಿಲ್ಲದೆ ಒದಗುತ್ತವೆ. ನನಗಂತೂ ವಾರಕ್ಕೊಂದು ಖಾತ್ರಿ.

ಇಳಕಲ್ಲಿನಲ್ಲಿ ನನ್ನದೊಂದು ವೆಲ್ಡಿಂಗ್ ಶೆಡ್ಡು. ಮೊದಲು ಗ್ರಾನೈಟ್ ಕಾರ್ಖಾನೆಯ ಟ್ರಾಲಿ, ಮಗ್ಗದ ಮುರುಕು ಸಾಮಾನು ಇಷ್ಟೇ ಕೆಲಸ. ಈಗ ಹಿತ್ತಲಲ್ಲಿ ಜವಾರಿ ಕೋಳಿ ಸಾಕುವವರು ಹೆಚ್ಚಾಗಿ, ಪುಕ್ಕ ಕೀಳುವ ಡ್ರಮ್ಮು ಮಾಡುವುದೇ ನನ್ನ ಹೊಟ್ಟೆಪಾಡು. ಡ್ರಮ್ಮಿನ ಒಳಗೆಲ್ಲ ರಬ್ಬರಿನ ಬೆರಳುಗಳಿರುತ್ತವೆ. ಕೊಯ್ದ ಕೋಳಿಯನ್ನು ಬಿಸಿನೀರಲ್ಲಿ ಅದ್ದಿ, ಒಳಗೆ ಹಾಕಿ ಗುಂಡಿ ಒತ್ತಿದರೆ ಅರ್ಧ ನಿಮಿಷದಲ್ಲಿ ಬೋಳು.

ತೊಂದರೆ ಏನೆಂದರೆ, ನಮ್ಮದು ಕೊರಳಲ್ಲಿ ಲಿಂಗ ಕಟ್ಟಿದ ಮನೆ. ಟಿವಿಯಲ್ಲಿ ತತ್ತಿ ತೋರಿಸಿದರೂ ನಮ್ಮವ್ವ ಚಾನೆಲ್ ಬದಲಿಸುತ್ತಾಳೆ. "ಅಂಥಾದ್ದು ಮುಟ್ಟಿದವರ ಕೈಯಾಗ ನಾ ನೀರೂ ಕುಡಿಯಂಗಿಲ್ಲ" ಎಂದು ಒಮ್ಮೆ ಯಾರಿಗೋ ಹೇಳಿದ್ದು ನನ್ನ ಕಿವಿಯಲ್ಲೇ ಉಳಿದುಬಿಟ್ಟಿದೆ. ಗೊತ್ತಾದರೆ ಅವಳು ಗಂಟು ಕಟ್ಟಿಕೊಂಡು ಬಾದಾಮಿಗೆ, ನನ್ನ ಅಕ್ಕನ ಮನೆಗೆ ಹೋಗಿಬಿಡುತ್ತಾಳೆ. ಮನೆಯಲ್ಲಿರುವವರು ನಾವಿಬ್ಬರೇ. ಅವಳಿಲ್ಲದ ಮನೆಗೆ ನಾನು ಹೋಗಿ ಮಾಡುವುದಾದರೂ ಏನು?

ಸತ್ತ ಮೇಲೆ ಹಾರಿದ್ದು

ಮೊದಲ ಡ್ರಮ್ಮು ಮಾಡಿಸಿದವರು ಹುನಗುಂದದ ಕಡೆಯ ಒಬ್ಬ ಗಿರಾಕಿ. ಕೈಗೆ ಸಿಕ್ಕಿತೆಂದು ಗ್ರಾನೈಟ್ ಪಾಲಿಶ್ ಮಾಡುವ ಭಾರೀ ವೇಗದ ಮೋಟಾರನ್ನೇ ಕೂಡಿಸಿದ್ದೆ. ಪರೀಕ್ಷೆಗೆಂದು ಅವರು ಬಿಸಿನೀರಲ್ಲಿ ಅದ್ದಿದ ಹುಂಜವನ್ನು ಒಳಗೆ ಹಾಕಿದರು. ಸತ್ತ ಕೋಳಿ ನೋಡಿದರೆ ನನ್ನ ಕೈಕಾಲು ತಣ್ಣಗಾಗುತ್ತವೆ. ಕಂಬದ ಮರೆಗೆ ನಿಂತು, ಕಣ್ಣು ಮುಚ್ಚಿ, ಕೋಲಿನಿಂದ ಗುಂಡಿ ಒತ್ತಿದೆ.

ಢಣ್ ಎಂದು ಸದ್ದಾಯಿತು. ಕಣ್ಣು ಬಿಟ್ಟರೆ ಡ್ರಮ್ಮು ಖಾಲಿ! ಹುಂಜ ಸೂರಿನ ತಗಡಿಗೆ ಬಡಿದು ಮೇಲಿನ ಅಡ್ಡಪಟ್ಟಿಯ ಮೇಲೆ ಕೂತಿತ್ತು. ಶೆಡ್ಡಿನ ತುಂಬ ಪುಕ್ಕ.

"ಬದುಕಿದ್ದಾಗ ಇದು ಒಂದಿನಾನೂ ಗ್ವಾಡಿ ಹಾರಿರಲಿಲ್ರಿ" ಅಂದರು ಗಿರಾಕಿ. "ಪುಕ್ಕಾ ಕೀಳ್ರಿ ಅಂದ್ರ ಹಾರಾಕ ಕಲಿಸಿದ್ರಲ್ರಿ!"

ಅಷ್ಟರಲ್ಲಿ ಬಾಗಿಲಲ್ಲಿ ಅವ್ವ, ಕೈಯಲ್ಲಿ ಬುತ್ತಿ.

"ಇದೇನಲೇ ಡ್ರಮ್ಮು?"

"ಬಟಾಟಿ... ಬಟಾಟಿ ಸುಲಿಯೋ ಮಷೀನ್ ಅವ್ವ." ಬಾಯಿಗೆ ಬಂದದ್ದು ಆಲೂಗಡ್ಡೆ.

"ಮತ್ತ ಇಷ್ಟು ಪುಕ್ಕ?"

"ಪಾರಿವಾಳ ಭಾಳ ಆಗ್ಯಾವ."

ಅವಳು ತಲೆ ಎತ್ತಿ ನೋಡುವುದರೊಳಗೆ ಗಿರಾಕಿ ಅವಳ ಕೈಯ ಬುತ್ತಿ ಇಸಿದುಕೊಂಡು ನನ್ನ ಕೈಗಿಟ್ಟು, "ಬಿಸಿಲು ಭಾಳ ಐತ್ರಿ ಅಮ್ಮಾರ, ನಡೀರಿ ಮನಿ ಮುಟ್ಟಸ್ತೇನಿ" ಎಂದು ಕರೆದುಕೊಂಡು ಹೋದರು. ಅವರು ತಿರುಗಿ ಬರುವವರೆಗೂ ಆ ಹುಂಜ ಮೇಲಿಂದ, ನಾನು ಕೆಳಗಿಂದ, ಒಬ್ಬರನ್ನೊಬ್ಬರು ನೋಡುತ್ತ ಕೂತಿದ್ದೆವು.

ಕೈಯೋ ಮಷೀನೋ

ಚೊಳಚಗುಡ್ಡದ ಹತ್ತಿರ ಒಂದು ಮನೆಗೆ ಡ್ರಮ್ಮು ಇಳಿಸಿಕೊಡಲು ಹೋಗಿದ್ದೆ. ಆ ಮನೆಯ ಅಜ್ಜಿ ಸೊಂಟದ ಮೇಲೆ ಕೈ ಇಟ್ಟು ನಿಂತಳು.

"ಅರವತ್ತು ವರ್ಷ ಈ ಕೈಲೇ ಕಿತ್ತೇನಿ ತಮ್ಮಾ. ನಿನ್ನ ಡ್ರಮ್ಮಿಗೊಂದು, ನನಗೊಂದು. ನೋಡೇಬಿಡೂಣು."

ಓಣಿಯೆಲ್ಲ ಕೂಡಿತು. ನಾನು ಕಣ್ಣು ಮುಚ್ಚಿ ಗುಂಡಿ ಒತ್ತಿದೆ. ಡ್ರಮ್ಮು ಎರಡು ಸುತ್ತು ತಿರುಗಿ ನಿಂತೇಬಿಟ್ಟಿತು. ಕರೆಂಟು ಹೋಗಿತ್ತು. ಅಜ್ಜಿ ಅವಸರ ಮಾಡದೆ ಪೂರ್ತಿ ಕಿತ್ತು, ಒಲೆಯ ಉರಿಯಲ್ಲಿ ಸುಟ್ಟು, ಅರಿಸಿನ ಹಚ್ಚಿ, ಹೆಚ್ಚಿಯೂ ಮುಗಿಸಿದಳು. ಜನರ ನಗೆಗೆ ನಾನೇನೂ ಅಂಜಲಿಲ್ಲ. ಅಂಜಿದ್ದು ಅವಳ ಮುಂದಿನ ಮಾತಿಗೆ.

"ಪಾಪ, ಮಾರಿ ಸಣ್ಣದಾತು ಕೂಸಿಂದು. ಕರೆಂಟ್ ಬರೂದ್ರಾಗ ಸಾರು ಆಗ್ತೈತಿ, ಉಂಡೇ ಹೋಗಬೇಕು. ಇಲ್ಲಂದ್ರ ರೊಕ್ಕಾ ಕೊಡಂಗಿಲ್ಲ!"

ರೊಕ್ಕ ಅಲ್ಲೇ ಬಿಟ್ಟು ಗಾಡಿ ಹತ್ತಿದವನು ಹಿಂತಿರುಗಿ ನೋಡಲಿಲ್ಲ. ಬಾದಾಮಿ ದಾಟಿದ ಮೇಲೆ ನೆನಪಾಯಿತು, ಹೆಲ್ಮೆಟ್ಟೂ ಅಲ್ಲೇ ಇತ್ತು. ಮರುದಿನ ಫೋನ್ ಮಾಡಿದರೆ, ಅದರಲ್ಲಿ ಕೋಳಿ ಕಾವಿಗೆ ಕೂತಿದೆ, ಇಪ್ಪತ್ತೊಂದು ದಿನ ಬಿಟ್ಟು ಬಾ ಅಂದರು.

ಮಠದ ದಾಸೋಹ

ಒಂದು ದಿನ ಅವ್ವ ರೊಟ್ಟಿ ನೀಡುತ್ತ ಅಂದಳು:

"ಮಠದಾಗ ದಾಸೋಹ ಐತಿ. ನಾಕು ಚೀಲ ಬಟಾಟಿ ಸುಲೀಬೇಕಂತ. ನನ್ನ ಮಗನ ಮಷೀನ್ ತರಸ್ತೇನಿ ಅಂತ ಅಜ್ಜಾರ ಮುಂದ ಹೇಳಿ ಬಂದೇನಿ."

ಕೋಳಿ ಡ್ರಮ್ಮು ಮಠದ ಅಡುಗೆಮನೆಗೆ, ಅದೂ ಸ್ವಾಮಿಗಳ ಮುಂದೆ! ಒಲ್ಲೆ ಅಂದರೆ ಗುಟ್ಟು ಬಯಲು, ಹೂಂ ಅಂದರೆ ಪಾಪ. ಕೊನೆಗೆ ಡ್ರಮ್ಮು, ರಬ್ಬರು, ಬೋಲ್ಟು ಎಲ್ಲ ಹೊಸದು ತಂದು ಬೇರೆಯೇ ಒಂದು ಮಾಡಿದೆ. ಬೋಲ್ಟು ಬಿಗಿಯುವ ಪಾನಾಗಳನ್ನು ಎರಡು ಸಲ ಸೋಪು ಹಚ್ಚಿ ತೊಳೆದೆ, ನಾನೂ ತಲೆಗೆ ನೀರು ಹಾಕಿಕೊಂಡೆ.

ಮಠದಲ್ಲಿ ಓಣಿಯ ಹೆಂಗಸರೆಲ್ಲ ಸುತ್ತ ನಿಂತರು. ಬಟಾಟಿ ಸುಲಿಯುತ್ತದೋ ಹಾರುತ್ತದೋ ದೇವರೇ ಬಲ್ಲ. ಕಣ್ಣು ಮುಚ್ಚಿ ಗುಂಡಿ ಒತ್ತಿದೆ. ಬಟಾಟಿಗಳು ಬೆಳ್ಳಗೆ ಹೊರಬಂದವು! ಅಜ್ಜಾರು ನನ್ನ ತಲೆಯ ಮೇಲೆ ಕೈ ಇಟ್ಟರು. ಆಗಲೇ ದಾಸೋಹಕ್ಕೆ ಬಂದವರ ನಡುವಿಂದ ಎದ್ದು ಬಂದರು, ಹುನಗುಂದದ ಗಿರಾಕಿ.

"ಅಲ್ರೀ, ಇದು ನಮ್ಮನ್ಯಾಗಿನ..."

ಅವ್ವನ ಬೆನ್ನ ಹಿಂದೆ ನಿಂತು ಎರಡೂ ಕೈ ಮುಗಿದೆ. ಅವರು ಕೆಮ್ಮಿದರು. "ನಮ್ಮನ್ಯಾಗೂ ಇಂಥಾದ್ದ ಐತ್ರಿ ಅಮ್ಮಾರ. ಚಲೋ ಸುಲಿತೈತಿ."

"ಅಷ್ಟು ಬಟಾಟಿ ತಿಂತೀರೇನ್ರಿ?"

"ಐತವಾರಕ್ಕೊಮ್ಮೆ ರೀ."

ಗಾಡಿಯ ಮೇಲೆ ಮನೆಗೆ ಬರುವಾಗ ಅವ್ವ ಕೇಳಿದಳು: "ಖರೆ ಹೇಳು, ಅದು ಹೊಸಾ ಡ್ರಮ್ಮ ಹೌದಿಲ್ಲೋ?"

"ಹೊಸಾದು ಅವ್ವ. ಯಾಕ?"

"ಹಳೇದು ತರ್ತೀಯೇನೋ ಅಂತ ಮುಂಜಾನಿಂದ ಎದಿ ಡವ ಡವ ಅಂತಿತ್ತು."

ಗಾಡಿ ನಿಲ್ಲಿಸಿಬಿಟ್ಟೆ. "ನಿನಗ... ಗೊತ್ತಿತ್ತಾ?"

"ಮೂರು ವರ್ಷ ಆತು, ಆ ಪುಕ್ಕ ಪಾರಿವಾಳದ್ದಲ್ಲ ಅಂತ ಅವತ್ತ ತಿಳೀತು. ಬಟಾಟಿ ಮಷೀನ್ ಅಂತ ಮಂದಿ ಮುಂದ ಹೇಳಿ ಹೇಳಿ ನಿನಗಿಂತ ನಾನ ಜಾಸ್ತಿ ಅಂಜೇನಿ. ಅದಕ್ಕ ಅಜ್ಜಾರಿಗೆ ಮಾತು ಕೊಟ್ಟೆ. ಈಗರ ಖರೆ ಆತಲ್ಲ."

ನನ್ನ ಕಣ್ಣು ತುಂಬಿ ಬಂತು. "ಬಾದಾಮಿಗೆ ಹೋಗ್ತೀಯೇನು ಅವ್ವ?"

"ನೀ ಬೆಸಿಯೂದು ಕಬ್ಬಿಣ, ಕೊಯ್ಯೋರು ಬ್ಯಾರೆ. ನಾ ಎಲ್ಲಿಗೂ ಹೋಗಂಗಿಲ್ಲ. ಆದ್ರ ಇನ್ನ ಮ್ಯಾಲೆ ಅಂಗಿ ಝಾಡಿಸಿಕೊಂಡು ಬಾ. ಮೊನ್ನೆ ಬಿಸಿನೀರಾಗ ನಿನ್ನ ಅಂಗಿ ನೆನಿ ಇಟ್ಟಿದ್ದೆ, ಬಕೀಟ್ ತುಂಬ ಪುಕ್ಕ ತೇಲಿದ್ವು. ಬಾಜೂ ಮನಿಯಾಕಿ ಇಣುಕಿ, 'ಏನ್ ತೊಳಿಯಾಕ ಹತ್ತೀರಿ ವೈನಿ?' ಅಂದ್ಲು."

"ನೀ ಏನಂದಿ?"

"ಏನನ್ನಲಿ? ಬಟಾಟಿ ಅಂದೆ."