ಕಾಗದವಿಲ್ಲ ಎಂದ ಪ್ರಿಂಟರು

ನಾನು ಸಿಟ್ಟಿನ ಮನುಷ್ಯನಲ್ಲ. ಇಪ್ಪತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟರೂ ಇನ್ನೂ ಮೊದಲನೆಯ ಬೆತ್ತವೇ ನನ್ನ ಬಳಿ ಇದೆ. ಲೆಕ್ಕ ತಪ್ಪಿದವರನ್ನು ಕ್ಷಮಿಸಬಲ್ಲೆ. ಆದರೆ ಕಣ್ಣೆದುರಿಗೇ ಸುಳ್ಳು ಹೇಳುವವರನ್ನು ಕಂಡರೆ ಮೈ ಉರಿಯುತ್ತದೆ. ನಮ್ಮ ಮನೆಗೆ ಬಂದ ಇಂಕ್‌ಜೆಟ್ ಪ್ರಿಂಟರು ಆ ಜಾತಿಯದು. ಬೆನ್ನಿನ ಮೇಲೆ ಒಂದು ಕಟ್ಟು ಕಾಗದ ಹೊತ್ತುಕೊಂಡು, ಕಂಪ್ಯೂಟರಿನ ಪರದೆಯಲ್ಲಿ ‘ಕಾಗದವಿಲ್ಲ’ ಎಂದು ಬರೆಯುತ್ತಿತ್ತು. ಇಂಗ್ಲಿಷಿನಲ್ಲಿ ಬರೆದ ಮಾತ್ರಕ್ಕೆ ಸುಳ್ಳು ನಿಜವಾಗುತ್ತದೆಯೇ?

ಆಗ ನಾವು ಹೊಸಮನೆ ಬಡಾವಣೆಯಲ್ಲಿ ಬಾಡಿಗೆಗಿದ್ದೆವು. ಅದೇ ಊರಿನ ಗೋಪಾಳದಲ್ಲಿ ಕಟ್ಟಿಸಿದ ಸ್ವಂತ ಮನೆಯ ಗೃಹಪ್ರವೇಶ ಹತ್ತಿರ ಬಂದಿತ್ತು. ನಮ್ಮ ಅಕ್ಕನ ಗಂಡ, ಅಂದರೆ ಭಾವ, ಭದ್ರಾವತಿಯಲ್ಲಿ ಸಣ್ಣದೊಂದು ಅಚ್ಚುಕೂಟ ಇಟ್ಟುಕೊಂಡಿದ್ದಾರೆ. ಕಾರ್ಖಾನೆಯ ಯೂನಿಯನ್ನಿನ ಕರಪತ್ರದಿಂದ ಹಿಡಿದು ನನ್ನ ಮದುವೆಯ ಕಾಗದದವರೆಗೆ ಎಲ್ಲವೂ ಅವರ ಕೈಯಿಂದಲೇ ಆದದ್ದು. ಕೆಳಗೆ ಅವರ ಪ್ರೆಸ್ಸಿನ ಹೆಸರು ವರನ ಹೆಸರಿಗಿಂತ ದಪ್ಪಗಿರುತ್ತದೆ ಎಂದು ನಾವೆಲ್ಲ ಛೇಡಿಸುವುದುಂಟು. ಅಂಥವರಿಗೆ ನಾನು ಫೋನು ಮಾಡಿ, “ಭಾವ, ಈ ಸಲ ನಿಮಗೆ ತೊಂದ್ರೆ ಕೊಡಲ್ಲ. ಮನೇಲೇ ಪ್ರಿಂಟರ್ ಇದೆ, ಗೃಹಪ್ರವೇಶದ ಕಾಗದ ನಾನೇ ತೆಗೀತೀನಿ” ಅಂದುಬಿಟ್ಟೆ. ಭಾವ, “ಆಯ್ತು ಮಾರಾಯ, ಒಳ್ಳೇದಾಯ್ತು” ಎಂದರು. ನಾನು ಅಷ್ಟಕ್ಕೇ ಸುಮ್ಮನಿರದೆ ಸ್ಟಾಫ್ ರೂಮಿನಲ್ಲೂ ಸಾರಿದೆ.

ಮೊದಲನೆಯ ಪ್ರತಿ ಚೆಂದವಾಗಿಯೇ ಬಂತು. ಮಂಗಳಪತ್ರ ಎಂದ ಮೇಲೆ ನಾಲ್ಕು ಮೂಲೆಗೂ ಅರಿಶಿನ ಹಚ್ಚಬೇಕಲ್ಲ, ನೀರಲ್ಲಿ ಕಲೆಸಿ ಹಚ್ಚಿದೆ. ಕೂಡಲೇ ಶಾಯಿ ಹರಡಿ, ಮೂಲೆಯಲ್ಲಿದ್ದ ‘ಸುಖಾಗಮನ’ ಅಳುವವಳ ಕಣ್ಣುಕಪ್ಪಿನಂತಾಯಿತು. ಗಣಿತದ ಮೇಷ್ಟರಿಗೆ ಇದೇನು ದೊಡ್ಡ ಸಮಸ್ಯೆ? ಕ್ರಮ ಬದಲಿಸಿದರಾಯಿತು. ಖಾಲಿ ಹಾಳೆಗಳಿಗೆಲ್ಲ ಮೊದಲೇ ಅರಿಶಿನ ಹಚ್ಚಿ, ಫ್ಯಾನಿನ ಕೆಳಗೆ ಒಣಗಿಸಿ, ಪ್ರಿಂಟರಿಗೆ ಕೊಟ್ಟೆ. ನನ್ನ ಬುದ್ಧಿಗೆ ನಾನೇ ತಲೆದೂಗಿದೆ.

ಆ ದಿನದಿಂದ ಅದರ ಆಟ ಶುರುವಾಯಿತು. ಒಮ್ಮೆ ಮೂರು ಹಾಳೆ ಒಟ್ಟಿಗೆ ನುಂಗಿ ಕಟಕಟ ಹಲ್ಲು ಕಡಿಯಿತು. ಎಳೆದು ತೆಗೆದರೆ ಅರ್ಧ ಹಾಳೆ ನನ್ನ ಕೈಗೆ, ಅರ್ಧ ಅದರ ಹೊಟ್ಟೆಗೆ. ಇನ್ನೊಮ್ಮೆ ಒಂದನ್ನೂ ಮುಟ್ಟದೆ ‘ಕಾಗದವಿಲ್ಲ’ ಎಂದಿತು. ಜೊತೆಗೆ ಬಂದ ಪುಸ್ತಕ ಓದಿದೆ. ‘ಹೆಡ್’, ಅಂದರೆ ಶಾಯಿ ಉಗುಳುವ ಮೂತಿ, ಶುದ್ಧಿ ಮಾಡಿ ಎಂದಿತ್ತು, ಮಾಡಿದೆ. ಅಕ್ಷರಗಳ ನಡುವೆ ಬಿಳಿ ಗೆರೆ ಬಂದವು. ಮತ್ತೆ ಶುದ್ಧಿ ಮಾಡಿದೆ. ಐದನೇ ಶುದ್ಧಿಗೆ ಶಾಯಿಯೇ ಮುಗಿಯಿತು! ಮೈ ತೊಳೆದುಕೊಳ್ಳುವುದಕ್ಕೇ ಕೊಡದಲ್ಲಿದ್ದ ನೀರೆಲ್ಲ ಖರ್ಚು ಮಾಡಿ, ಅಡುಗೆಗೆ ನೀರಿಲ್ಲ ಎನ್ನುವ ಯಂತ್ರವನ್ನು ಮಾಡಿದ ಪುಣ್ಯಾತ್ಮ ಯಾರು? ಅವನು ನನ್ನ ಕ್ಲಾಸಿನಲ್ಲಿ ಕೂತಿದ್ದರೆ ಆ ಬೆತ್ತ ಇಷ್ಟು ವರ್ಷ ಉಳಿಯುತ್ತಿರಲಿಲ್ಲ. ಶಾಯಿಯ ಹೊಸ ಕಾರ್ಟ್ರಿಜ್ ತಂದು ಹಾಕಿದೆ. ಪ್ರಿಂಟರು ಅದನ್ನು ಒಪ್ಪಿಕೊಂಡು, ‘ಕಾಗದವಿಲ್ಲ’ ಎಂದಿತು.

ಇದರ ನಡುವೆ ನನ್ನ ಹೆಂಡತಿ ಅಡುಗೆಮನೆಯಿಂದ, “ರೀ, ಅರಿಶಿನದ ಡಬ್ಬಿ ನೋಡಿದ್ರಾ?” ಎಂದು ದಿನಕ್ಕೆರಡು ಸಲ ಕೇಳುತ್ತಿದ್ದಳು. “ಇಲ್ಲಿ ನನ್ನ ಮರ್ಯಾದೆ ಹೋಗ್ತಾ ಇದೆ, ನಿಂಗೆ ಅರಿಶಿನದ ಚಿಂತೆ!” ಎಂದು ರೇಗಿದೆ. ಕರೆಯೋಲೆ ಇಲ್ಲದೆ ನೆಂಟರನ್ನು ಕರೆಯುವುದು ಹೇಗೆ? ದಿನಗಳು ಉರುಳುತ್ತಿದ್ದವು. “ಸುಮ್ನೆ ಭಾವನ ಹತ್ರ ಹೋಗಿ. ನಿಮ್ಮ ಜಂಬ ನೋಡೋಕೆ ಯಾರೂ ಗೃಹಪ್ರವೇಶಕ್ಕೆ ಬರಲ್ಲ” ಎಂದಳು ಕೊನೆಗೆ.

ಪ್ರಿಂಟರನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಭದ್ರಾವತಿಯ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಕಂಪನಿಯನ್ನು ಶಪಿಸಿದೆ. ಭಾವನ ಮುಂದೆಯೂ ಅದನ್ನೇ ಮುಂದುವರಿಸಿದೆ. ಅವರು ಮುಚ್ಚಳ ತೆಗೆದು, ಒಳಗಿನ ರಬ್ಬರ್ ರೋಲರಿನ ಮೇಲೆ ಒದ್ದೆ ಬಟ್ಟೆ ಆಡಿಸಿದರು. ಬಟ್ಟೆ ಹಳದಿಯಾಯಿತು. ಮೂಸಿ ನೋಡಿದರು.

“ಏನ್ ಮಾರಾಯ, ಮಶೀನಿಗೆ ಅರಿಶಿನದ ಶಾಸ್ತ್ರ ಮಾಡಿದ್ಯಾ? ಇಷ್ಟು ಅರಿಶಿನ ಮೆತ್ತಿದ್ರೆ ಅದು ಕಾಗದ ಹಿಡಿಯೋದು ಹೇಗೆ? ಜಾರಿಹೋಗುತ್ತೆ. ಅದಕ್ಕೇ ಕಾಗದ ಇಲ್ಲ ಅಂತಿರೋದು, ಪಾಪ.”

ಪಾಪವಂತೆ! ಅಷ್ಟು ಭಾಷೆಗಳಲ್ಲಿ ಪುಸ್ತಕ ಬರೆದವರಿಗೆ ‘ಅರಿಶಿನ ಹಚ್ಚಿದ ಹಾಳೆ ಹಾಕಬೇಡಿ’ ಎಂದು ಒಂದು ಸಾಲು ಬರೆಯಲು ಏನು ಬಂದಿತ್ತು ಎಂದು ವಾದ ಹೂಡಿದೆ. ಭಾವ ಕೇಳಿಸಿಕೊಳ್ಳಲಿಲ್ಲ. ಮೂಲೆಯ ಹಲಗೆಯಿಂದ, ದಾರ ಸುತ್ತಿದ್ದ ಅಚ್ಚುಮೊಳೆಗಳ ಒಂದು ಕಟ್ಟನ್ನು ತಂದು ಮೇಜಿನ ಮೇಲಿಟ್ಟರು. ತಿರುಗುಮುರುಗಾದ ಅಕ್ಷರಗಳಲ್ಲಿ ನನ್ನ ಹೆಸರು, ಹೆಂಡತಿಯ ಹೆಸರು, ಗೋಪಾಳದ ವಿಳಾಸ ಎಲ್ಲ ಇತ್ತು.

“ನೀನು ಬುನಾದಿ ಹಾಕಿದಾಗ್ಲೇ ಜೋಡಿಸಿ ಇಟ್ಟಿದ್ದೆ. ತಾರೀಕು ಒಂದು ಹಾಕ್ಬೇಕಿತ್ತು” ಎಂದರು.

ನಾನು ತಾರೀಕು ಹೇಳಿದೆ. ಸಂಜೆಯೊಳಗೆ ಎಲ್ಲ ಕಾಗದ ಅಚ್ಚಾಯಿತು. ಕೈಗೆ ತೆಗೆದುಕೊಂಡು ನೋಡಿದರೆ ಕೆಳಗೆ ಪ್ರೆಸ್ಸಿನ ಹೆಸರಿಲ್ಲ. “ಇದೇನು ಭಾವ?” ಎಂದೆ. “ಇರ್ಲಿ ಬಿಡು. ಮನೇಲೇ ತೆಗೀತೀನಿ ಅಂತ ಎಲ್ಲರ ಹತ್ರ ಹೇಳ್ಕೊಂಡಿದೀಯಂತಲ್ಲ” ಎಂದರು.

ಗೃಹಪ್ರವೇಶದ ಊಟಕ್ಕೆ ಭಾವ ನನ್ನ ಪಕ್ಕದಲ್ಲೇ ಕೂತಿದ್ದರು. ಎದುರು ಪಂಕ್ತಿಯಿಂದ ನಮ್ಮ ಶಾಲೆಯ ಡ್ರಾಯಿಂಗ್ ಮೇಷ್ಟರು ಎಲ್ಲರಿಗೂ ಕೇಳುವಂತೆ, “ಏನ್ ಕಾಗದ ಸಾರ್ ಅದು! ಅರಿಶಿನ ಹಚ್ಚಿದ್ರೂ ಒಂದಕ್ಷರ ಕದಡಿಲ್ಲ. ಮನೇಲೇ ತೆಗೆದ್ರಂತೆ? ಯಾವ ಕಂಪನಿ ಪ್ರಿಂಟರು?” ಎಂದರು. ಭಾವ ತಲೆ ಎತ್ತಲಿಲ್ಲ, ಅನ್ನಕ್ಕೆ ಸಾರು ಕಲೆಸುತ್ತಿದ್ದರು. ಕಣ್ಣೆದುರಿಗೇ ಸುಳ್ಳು ಹೇಳುವವರನ್ನು ಕಂಡರೆ ಮೈ ಉರಿಯುವ ನಾನು, ಆ ಕಂಪನಿಯ ಹೆಸರನ್ನು ಮಾಡೆಲ್ ನಂಬರಿನ ಸಮೇತ ಹೇಳಿಬಿಟ್ಟೆ.