ಅತ್ತೆಯ ಹಾಡಿಗೆ ನಾನು ಪಾಲೀಶು ಹಾಕಿದ್ದು

ಧ್ವನಿಶಾಸ್ತ್ರದಲ್ಲಿ ನಾನು ಪರಿಣತನೆಂಬುದು ನನಗೆ ಗೊತ್ತಾದದ್ದು ಮದುವೆಯಾದ ಮೇಲೆ. ಅಲ್ಲಿಯವರೆಗೆ ನಾನು ದಾವಣಗೆರೆಯ ಹತ್ತಿ ಗಿರಣಿಯೊಂದರಲ್ಲಿ ಗುಮಾಸ್ತನಷ್ಟೇ. ಒಂದು ಶನಿವಾರ ಸಂಜೆ ಧಣಿಗಳ ಬಂಗಲೆಗೆ ಯಾವುದೋ ಕಾಗದ ಕೊಡಲು ಹೋಗಿದ್ದೆ. ಅವರ ಪಡಸಾಲೆಯಲ್ಲಿ ಬೀರುವಿನಷ್ಟು ದೊಡ್ಡ ರೇಡಿಯೋ ಇತ್ತು. ಅದರ ಮರಕ್ಕೆ ಎಂಥ ಹೊಳಪು ಅಂತೀರಿ! ಅದು ಹಾಡುತ್ತಿರಲಿಲ್ಲ, ಸುಮ್ಮನೆ ನಿಂತಿತ್ತು. ಆದರೂ ಅದರ ಧ್ವನಿ ಅದ್ಭುತವಾಗಿದೆ ಎಂದು ನನಗೆ ನೋಡಿದ ಕೂಡಲೇ ತಿಳಿಯಿತು.

ನಮ್ಮ ಮನೆಯಲ್ಲೂ ರೇಡಿಯೋ ಇತ್ತು. ಅಡುಗೆಮನೆಯ ಗೋಡೆಯ ಗೂಡಿನಲ್ಲಿ ಹಿಡಿಯುವಷ್ಟು ಪುಟ್ಟದು. ಹಾಡು, ವಾರ್ತೆ ಎಲ್ಲ ಸ್ಪಷ್ಟವಾಗಿಯೇ ಬರುತ್ತಿದ್ದವು. ಕೇಳುವುದಕ್ಕೇನೂ ಕೊರತೆಯಿರಲಿಲ್ಲ. ನೋಡುವುದಕ್ಕೆ ಮಾತ್ರ ಏನೂ ಇರಲಿಲ್ಲ.

ಆ ವಾರವೇ ಹರಿಹರದಿಂದ ಸುದ್ದಿ ಬಂತು. ನನ್ನ ಹೆಂಡತಿ ಗಿರಿಜಳ ತಾಯಿ ನೀಲಮ್ಮನವರಿಗೆ ಧಾರವಾಡದ ರೇಡಿಯೋದಲ್ಲಿ ಹಾಡಲು ಕರೆ ಬಂದಿತ್ತು! ಒಂದೆರಡು ದೇವರ ಪದ, ಕೊನೆಗೆ ಬೀಸುಕಲ್ಲಿನ ಮುಂದೆ ಹಾಡುವ ಒಂದು ಬೀಸುವ ಪದ. ಆಗೆಲ್ಲ ಅಲ್ಲಿ ಕೂತು ಹಾಡಿದ್ದು ಅದೇ ಗಳಿಗೆಯಲ್ಲಿ ಊರೂರಿಗೆ ಕೇಳಿಸುತ್ತಿತ್ತು. ತಪ್ಪಿಸಿಕೊಂಡರೆ ಮತ್ತೆ ಸಿಗುತ್ತಿರಲಿಲ್ಲ.

“ರೀ, ಆವತ್ತು ನಮ್ಮಪ್ಪನ್ನ ಇಲ್ಲಿಗೇ ಕರಸ್ರಿ,” ಎಂದಳು ಗಿರಿಜ. “ಅವ್ವ ಹಾಡೋದನ್ನ ಅಪ್ಪ ಇವತ್ತಿನ ತನಕ ಕೂತು ಕೇಳಿಲ್ಲ. ಅವ್ವ ಅಡಿಗಿಮನ್ಯಾಗೆ, ಅಪ್ಪ ಅಂಗಡ್ಯಾಗೆ. ಮನ್ಯಾಗಿದ್ರೆ ‘ಸಾಕು, ನಿಲ್ಸು’ ಅನ್ನೋರು. ಒಂದೇ ಒಂದ್ಸಲ ಸುಮ್ನೆ ಕೂತು ಕೇಳ್ಬೇಕು. ಅಷ್ಟಾದ್ರೆ ಸಾಕು ನಂಗೆ.”

ಹೇಳುವಾಗ ಅವಳ ಕಣ್ಣು ತುಂಬಿ ಬಂದಿತ್ತು. ಇದಕ್ಕೆ ಬೇಕಾಗಿದ್ದದ್ದು ಮಾವನವರನ್ನು ಕರೆಸಿ, ಕೂರಿಸಿ, ರೇಡಿಯೋದ ಗುಂಡಿ ತಿರುಗಿಸುವುದು. ಯಾವ ಸಾಮಾನ್ಯ ಮನುಷ್ಯನೂ ಮಾಡಬಹುದಾದ ಕೆಲಸ. ಆದರೆ ನಾನು ಸಾಮಾನ್ಯನಲ್ಲವಲ್ಲ!

“ಈ ಡಬ್ಬಿಯೊಳಗೆ ಹಾಡ್ಸಿದ್ರೆ ಅತ್ತೆಗೆ ಅವಮಾನ,” ಎಂದೆ. “ಧ್ವನಿ ಅನ್ನೋದು ಮರದಿಂದ ಬರ್ತೈತೆ ಗಿರಿಜಾ. ಹೊಳಪು ಹೆಂಗೋ, ಧ್ವನಿ ಹಂಗೆ.”

“ಹಂಗಂತ ಯಾರು ಹೇಳಿದ್ರು?”

“ಯಾರಾದ್ರೂ ಹೇಳ್ಬೇಕಾ? ನೋಡಿದ್ರೇ ಗೊತ್ತಾಗ್ತೈತೆ.”

ಮರುದಿನವೇ ಊಟದ ತಟ್ಟೆಯಗಲದ ಒಂದು ಸ್ಪೀಕರು ಮನೆಗೆ ಬಂತು. ರಿಪೇರಿಯವನನ್ನು ಕರೆಸಿ ಪುಟ್ಟ ರೇಡಿಯೋದ ಒಳಗಿದ್ದ ಸ್ಪೀಕರನ್ನು ಕೀಳಿಸಿ ಹಾಕಿದೆ. ಇನ್ನು ಹೊಸದಕ್ಕೊಂದು ಮನೆ ಬೇಕು. ಸ್ಪೀಕರನ್ನು ಹಿಡಿದುಕೊಂಡೇ ಹರಿಹರದ ಬಡಗಿ ಮೌನೇಶಾಚಾರ್ರ ಬಳಿಗೆ ಹೋದೆ. ಬಾಗಿಲು ಮತ್ತು ದೇವರ ಮಂಟಪ ಮಾಡುವುದರಲ್ಲಿ ಅವರ ಹೆಸರು ದೊಡ್ಡದು. ನನ್ನಂತೆಯೇ ಅವರಿಗೂ ಹೊಳಪೆಂದರೆ ಪ್ರಾಣ.

ಅವರೊಂದು ಸಾಗುವಾನಿ ಹಲಗೆ ತೆಗೆದು ಒದ್ದೆ ಬಟ್ಟೆಯಲ್ಲಿ ಒರೆಸಿದರು. ಮರದ ಗೆರೆಗಳು ಹೊಳೆಯ ಸುಳಿಯ ಹಾಗೆ ಎದ್ದು ಬಂದವು. ಇಬ್ಬರೂ ಅದರ ಮೇಲೆ ಕೈಯಾಡಿಸಿದೆವು.

“ಇದನ್ನ ಮುಂದ್ಗಡೆಗೆ ಹಾಕಾಣ ಸಾಹೇಬ್ರೆ. ಸ್ಪೀಕರಿಗೆ ತೂತು ಎಲ್ಲಿ ಕೊರೀಲಿ?”

“ಇದರ ಮೇಲೆ ತೂತಾ!”

“ಅದೇ ಮತ್ತೆ. ನಂಗೆ ಕೈ ಬರಂಗಿಲ್ಲ ನೋಡ್ರಿ.”

“ಹಿಂದ್ಗಡೆ ಕೊರದ್ರೆ ಹೆಂಗೆ ಆಚಾರ್ರೆ? ಧ್ವನಿ ಹೊರಗೆ ಬಂದ್ರಾತು. ಯಾವ ಬಾಗಿಲಾಗೆ ಬಂದ್ರೇನು?”

“ಭೇಷ್! ಹಿಂದ್ಗಡೆ ಯಾರು ನೋಡ್ತಾರೆ?” ಎಂದರು ಆಚಾರ್ರು. ಹೀಗೆ ಇಬ್ಬರು ತಜ್ಞರ ಸಮಿತಿ ಸರ್ವಾನುಮತದಿಂದ ತೀರ್ಮಾನ ಕೈಗೊಂಡಿತು.

ಅರಗನ್ನು ಸ್ಪಿರಿಟ್ಟಿನಲ್ಲಿ ನೆನೆಸಿ, ಅರಳೆಯುಂಡೆಯಲ್ಲಿ ಅದ್ದಿ, ಆಚಾರ್ರು ದಿನಗಟ್ಟಲೆ ಉಜ್ಜಿದರು. ದೇವರ ಮಂಟಪ ಮಾಡಿದ ಕೈಯ ಅಭ್ಯಾಸದಿಂದ ನಾಲ್ಕು ಕಂಬ, ನೆತ್ತಿಗೊಂದು ಕಮಲ ಕೂಡ ಬಂದುಬಿಟ್ಟವು. ಪ್ರಸಾರಕ್ಕೆ ಎರಡು ದಿನ ಮುಂಚೆ ಪೆಟ್ಟಿಗೆಯನ್ನು ಎತ್ತಿನ ಗಾಡಿಗೆ ಏರಿಸಿ ದಾವಣಗೆರೆಗೆ ಹೊರಟೆ. ಬಿಸಿಲು ಚುರುಗುಟ್ಟುತ್ತಿತ್ತು. ಛತ್ರಿ ಒಂದೇ ಇತ್ತು. ಅದನ್ನು ಪೆಟ್ಟಿಗೆಗೆ ಹಿಡಿದೆ.

ದಾರಿಯಲ್ಲಿ ಒಂದು ಹಳ್ಳಿಯ ಬಾವಿಯ ಹತ್ತಿರ ಎತ್ತಿಗೆ ನೀರು ಕುಡಿಸಲು ನಿಂತೆವು. ಕಂಬ, ಕಮಲ, ಮೇಲೆ ಛತ್ರಿ! ನೀರಿಗೆ ಬಂದಿದ್ದ ಹೆಂಗಸರು ಕೊಡ ಇಳಿಸಿ ಕೈ ಮುಗಿದರು. ನಾನು ಗಾಡಿಯಿಂದ ಇಳಿಯುವಷ್ಟರಲ್ಲಿ ಒಬ್ಬಾಕೆ ಮನೆಗೆ ಓಡಿಹೋಗಿ ಕುಂಕುಮ ತಂದು ಪೆಟ್ಟಿಗೆಯ ಹಣೆಗೆ ಹಚ್ಚಿಬಿಟ್ಟಳು. ಮತ್ತೊಬ್ಬಾಕೆ ಗಾಡಿಯ ಅಂಚಿಗೇ ತೆಂಗಿನಕಾಯಿ ಒಡೆದಳು. ನೀರೆಲ್ಲ ಪಾಲೀಶಿನ ಮೇಲೆ!

“ತಾಯಿ, ಇದು ದೇವರಲ್ಲ, ಸ್ಪೀಕರು!” ಎಂದು ಕೂಗಿದೆ.

“ಯಾವ ದೇವ್ರಾದ್ರೇನಪ್ಪ, ಎಲ್ಲಾರ್ಗೂ ಒಳ್ಳೇದು ಮಾಡ್ಲಿ,” ಎಂದಳು ಒಬ್ಬ ಮುದುಕಿ.

ಮನೆಗೆ ಬಂದು ನೋಡಿದರೆ ಕಾಯಿಯ ನೀರು ಆರಿದಲ್ಲೆಲ್ಲ ಬಿಳಿ ಮಚ್ಚೆ ಎದ್ದಿತ್ತು. ಇನ್ನಷ್ಟು ಕೆಡದಂತೆ ಇಡುವುದೆಲ್ಲಿ? ಬೀದಿ ಕಡೆಯ ಗೋಡೆಗೆ ಬಿಸಿಲು ಬರುತ್ತದೆ. ಹಿತ್ತಲ ಕಡೆಯದು ಥಂಡಿ. ಉಳಿದದ್ದು ಪಡಸಾಲೆಗೂ ಅಡುಗೆಮನೆಗೂ ನಡುವಿನ ಗೋಡೆ. ಅದರಲ್ಲಿ ಸರಳು ಹಾಕಿದ ದೊಡ್ಡ ಕಿಟಕಿಯಿತ್ತು. ಆ ಕಿಟಕಿಗೆ ಬೆನ್ನು ಒತ್ತಿಸಿ ಪೆಟ್ಟಿಗೆಯನ್ನು ನಿಲ್ಲಿಸಿ, ಅಡುಗೆಮನೆಯ ರೇಡಿಯೋದಿಂದ ತಂತಿಯನ್ನು ಸರಳುಗಳ ನಡುವೆ ತೂರಿಸಿ ಸ್ಪೀಕರಿಗೆ ಕೊಟ್ಟೆವು. ನಾಲ್ಕು ಜನ ಹೊತ್ತರೂ ತೇಕಿದರು.

“ನಾಡಿದ್ದು ಬರೋರಿಗೆ ಮಂಡಕ್ಕಿ ಅಷ್ಟೇ ಕೊಡು,” ಎಂದೆ ಗಿರಿಜಳಿಗೆ. “ಮೆಣಸಿನಕಾಯಿ ಕರಿಯೋದು ಬ್ಯಾಡ. ಎಣ್ಣಿ ಹೊಗಿ ಪಾಲೀಶಿಗೆ ಬಡೀತೈತೆ.”

“ದಾವಣಗೆರ್ಯಾಗೆ ಮೆಣಸಿನಕಾಯಿ ಇಲ್ದೆ ಮಂಡಕ್ಕಿನಾ? ನಮ್ಮಪ್ಪ ಏನಂದಾರು? ಮಂಡಕ್ಕಿಗೆ ನಂಚ್ಕೊಳ್ಳಾಕೆ ಪಾಲೀಶು ಹಾಕ್ಲಾ?”

ಪರೀಕ್ಷೆ ಮಾಡದೆ ನಾನು ಯಾವ ಕೆಲಸಕ್ಕೂ ಕೈ ಹಾಕುವವನಲ್ಲ. ಮರುದಿನ ಮಧ್ಯಾಹ್ನ ಅಡುಗೆಮನೆಯಲ್ಲಿ ಉಣ್ಣಲು ಕೂತಾಗ ಗಿರಿಜಳಿಗೆ ರೇಡಿಯೋ ಹಚ್ಚಲು ಹೇಳಿದೆ. ಆಹಾ! ಪಕ್ಕದಲ್ಲೇ ಕೂತು ಊದಿದಂತೆ ಶಹನಾಯಿ ತುಂಬಿ ಬಂತು. ಕೈಯಲ್ಲಿದ್ದ ತುತ್ತು ಹಾಗೇ ನಿಂತಿತು. “ನೋಡಿದ್ಯಾ ಸಾಗುವಾನಿ ಮಹಿಮೆ!” ಎಂದೆ. ಗಿರಿಜಳೂ ಒಪ್ಪಿಕೊಂಡಳು. ಪಡಸಾಲೆಗೆ ಹೋಗಿ ಕೇಳಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ.

ಆ ದಿನ ಬಂದೇ ಬಂತು. ಬೆಳಿಗ್ಗೆ ಎದ್ದವನಿಗೆ ಆ ಬಿಳಿ ಮಚ್ಚೆಗಳೇ ಕಣ್ಣಿಗೆ ಹೊಡೆದವು. ಮಾವ ವೀರಭದ್ರಪ್ಪನವರು ಕಿರಾಣಿ ಅಂಗಡಿಯವರು, ಅಕ್ಕಿಯಲ್ಲಿ ಕಲ್ಲು ಹುಡುಕುವ ಕಣ್ಣು. ತಡೆಯಲಾಗದೆ ಪೇಟೆಗೆ ಹೋಗಿ ವಾರ್ನಿಶ್ ತಂದು ಪೆಟ್ಟಿಗೆಗೆಲ್ಲ ದಪ್ಪಗೆ ಬಳಿದೆ. ಮಚ್ಚೆ ಮಾಯ! ಸಂಜೆಯವರೆಗೂ ಬೀಸಣಿಗೆಯಿಂದ ಗಾಳಿ ಹಾಕಿದೆ. ನನಗೆ ಜ್ವರ ಬಂದಾಗಲೂ ಮನೆಯಲ್ಲಿ ಯಾರೂ ಅಷ್ಟು ಬೀಸಿರಲಿಲ್ಲ.

ಸಂಜೆ ಮಾವನವರು ಕೋಟು ರುಮಾಲಿನಲ್ಲಿ ಬಂದು ಜಮಖಾನದ ಮೇಲೆ ಕೂತರು. ಓಣಿಯ ಗಂಡಸರೆಲ್ಲ ಅವರ ಹಿಂದೆ. ಹೆಂಗಸರು ಯಥಾಪ್ರಕಾರ ಅಡುಗೆಮನೆಯಲ್ಲಿ. ಎಲ್ಲರೂ ಪೆಟ್ಟಿಗೆಯನ್ನು ನೋಡಿ ಬೆರಗಾದರು. ಮಾವನವರೂ ಗೋಣು ಹಾಕಿದರು. ಜನ್ಮ ಸಾರ್ಥಕವಾಯಿತೆಂದು ನಾನು ಪೆಟ್ಟಿಗೆಯ ಮೇಲೆ ಮೊಣಕೈ ಊರಿ, ಬೆನ್ನು ಆನಿಸಿ, ಫೋಟೋಗೆ ನಿಂತ ಮದುಮಗನ ಹಾಗೆ ನಿಂತೆ.

ಅಡುಗೆಮನೆಯಲ್ಲಿ ಗಿರಿಜ ರೇಡಿಯೋ ಹಚ್ಚಿದಳು. ಅತ್ತೆಯ ಹೆಸರು ಹೇಳಿದರಂತೆ. “ಅಂತೆ” ಯಾಕೆಂದರೆ ಪಡಸಾಲೆಯಲ್ಲಿ ಕೇಳಿದ್ದು “ಗುಂಂಂ” ಎಂಬ ಶಬ್ದ ಮಾತ್ರ. ಯಾರೋ ಕಂಬಳಿ ಹೊದ್ದುಕೊಂಡು ನರಳಿದ ಹಾಗೆ.

“ಏನ್ರಿ ಇದು ಅಳಿಯಂದ್ರೆ?” ಎಂದರು ಮಾವನವರು.

“ಮರ ಇನ್ನೂ ಬಿಸಿಯಾಗ್ಬೇಕ್ರಿ,” ಎಂದೆ.

ಅಷ್ಟರಲ್ಲಿ ಅಡುಗೆಮನೆಯಿಂದ ಪಕ್ಕದ ಮನೆಯ ಬಸಮ್ಮನ ದನಿ ಕೇಳಿತು. “ಎಂಥಾ ಕಂಠ ಐತ್ರೇ ನಿಮ್ಮವ್ವಂದು! ಎದುರಿಗೆ ಕುಂತು ಹಾಡಿದಂಗೈತೆ!”

ಆಗ ನನಗೆ ಹೊಳೆಯಿತು. ಹಾಡೆಲ್ಲ ಪೆಟ್ಟಿಗೆಯ ಬೆನ್ನಿನ ತೂತಿನಿಂದ ಕಿಟಕಿಯಲ್ಲಿ ತೂರಿ ಅಡುಗೆಮನೆಗೆ ಹೋಗುತ್ತಿದೆ. ಗಂಡಸರ ಪಾಲಿಗೆ ಬಂದದ್ದು ಪಾಲೀಶು ಮಾತ್ರ!

“ತಿರುಗ್ಸ್ರಿ ಅದನ್ನ!” ಎಂದು ಮಾವನವರು ಎದ್ದರು.

“ಕೈ ಹಚ್ಚಬ್ಯಾಡ್ರಿ! ಹಸಿ ಐತೆ!” ಎಂದು ನಾನು ಅಡ್ಡ ಬರಲು ಹೋದೆ. ಬರಲಾಗಲಿಲ್ಲ. ಮೊಣಕೈ, ಬೆನ್ನು, ಅಂಗಿಸಮೇತ ವಾರ್ನಿಶ್ಶಿಗೆ ಕಚ್ಚಿಕೊಂಡಿದ್ದವು. ಎಳೆದರೆ ಚರ್ ಎಂದಿತು. ಅಂಗಿಯೋ ಪಾಲೀಶೋ ತಿಳಿಯದೆ ಹಾಗೇ ನಿಂತುಬಿಟ್ಟೆ.

ಗಿರಿಜ ಅಡುಗೆಮನೆಯ ಬಾಗಿಲಿಗೆ ಓಡಿ ಬಂದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. “ಅಪ್ಪಾ, ಒಳಗ್ ಬಾ. ಅವ್ವ ಇಲ್ಲಿ ಹಾಡಾಕತ್ತಾಳೆ.”

ಮಾವನವರು ಹೊಸ್ತಿಲಲ್ಲಿ ತಡೆದು ನಿಂತರು. ಹೆಂಗಸರು ತುಂಬಿದ ಅಡುಗೆಮನೆಗೆ ಆ ಮನುಷ್ಯ ಯಾವತ್ತೂ ಕಾಲಿಟ್ಟವರಲ್ಲ. ಆಮೇಲೆ ರುಮಾಲು ತೆಗೆದು ಕಂಕುಳಲ್ಲಿಟ್ಟುಕೊಂಡು ತಲೆ ಬಗ್ಗಿಸಿ ಒಳಗೆ ಹೋದರು. ಉಳಿದ ಗಂಡಸರೂ ಒಬ್ಬೊಬ್ಬರಾಗಿ ಎದ್ದು ಹೋದರು. ಪಡಸಾಲೆಯಲ್ಲಿ ಉಳಿದದ್ದು ಪೆಟ್ಟಿಗೆ ಮತ್ತು ಅದಕ್ಕೆ ಅಂಟಿಕೊಂಡ ನಾನು.

ಕೊನೆಗೆ ಗುಂಡಿ ಬಿಚ್ಚಿ, ತೋಳು ನುಸುಳಿಸಿ, ಅಂಗಿಯನ್ನು ಪೆಟ್ಟಿಗೆಗೇ ಬಿಟ್ಟು ಬನಿಯನ್ನಿನಲ್ಲಿ ಅಡುಗೆಮನೆಗೆ ಧಾವಿಸಿದೆ. ಅಷ್ಟೊತ್ತಿಗೆ ಹಾಡು ಮುಗಿದು ಕೃಷಿಕರಿಗೆ ಯಾರೋ ಗೊಬ್ಬರದ ಬಗ್ಗೆ ಸಲಹೆ ಕೊಡುತ್ತಿದ್ದರು.

ಮಾವನವರು ಒಲೆಯ ಪಕ್ಕದ ಮಣೆಯ ಮೇಲೆ ಕೂತಿದ್ದರು. ಕಣ್ಣು ಕೆಂಪಾಗಿತ್ತು. “ಬೆಳಗಿನ ಜಾವ ಬೀಸೋವಾಗ ದಿನಾ ಹಾಡೋಳು ಇದನ್ನ,” ಎಂದರು ಮಗಳಿಗೆ. “ನಿದ್ದಿ ಕೆಡಿಸ್ತೀಯ ಅಂತ ಬೈತಿದ್ದೆ ಕಣವ್ವ.” ಗಿರಿಜ ಸೆರಗು ಕಚ್ಚಿಕೊಂಡು ಅಳುತ್ತಿದ್ದಳು, ನಗುತ್ತಲೂ ಇದ್ದಳು. ನಾನು ಬನಿಯನ್ನಿನಲ್ಲಿ ನಿಂತಿದ್ದೆ.

ಎರಡು ದಿನ ಕಳೆದು ಅತ್ತೆ ಧಾರವಾಡದಿಂದ ನೇರವಾಗಿ ನಮ್ಮ ಮನೆಗೇ ಬಂದರು. ಕರೆದೊಯ್ಯಲು ಮಾವನವರೂ ಬಂದಿದ್ದರು. ಕಾಲು ತೊಳೆದು ಅಡುಗೆಮನೆಯಲ್ಲಿ ಕೂತ ಅತ್ತೆ ಎಲ್ಲರನ್ನೂ ಬಿಟ್ಟು ನನ್ನನ್ನೇ ಕೇಳಿದರು.

“ಅಳಿಯಂದ್ರೆ, ನೀವು ಇಂಥಾದ್ರಾಗೆಲ್ಲ ತಿಳ್ದೋರು. ನನ್ನ ದನಿ ಹೆಂಗ್ ಬಂತ್ರಿ? ಖರೆ ಹೇಳ್ರಿ ಮತ್ತೆ.”

ನಾನು ಗಿರಿಜಳ ಕಡೆ ನೋಡಿದೆ. ಅವಳು ತಲೆಯೆತ್ತಿ ಮಾಡಿನ ಜಂತೆ ಎಣಿಸುತ್ತಿದ್ದಳು.

“ಬಹಳ ಸ್ಪಷ್ಟವಾಗಿತ್ತು ಅತ್ತೆ,” ಎಂದೆ.

“ಅಳಿಯಂದ್ರು ಕೇಳೇ ಇಲ್ಲ ಕಣೆ,” ಎಂದರು ಮಾವನವರು. “ಓಣಿ ಮಂದಿಯೆಲ್ಲ ಕೇಳೇತಿ. ಇವ್ರು ಪೆಟ್ಟಿಗಿ ಕಾಯ್ಕೊಂತ ನಿಂತಿದ್ರು.”

ಅತ್ತೆ ಸೆರಗು ಬಾಯಿಗಿಟ್ಟು ನಕ್ಕರು. “ಅಯ್ಯ, ಅದಕ್ಕೇನಂತೆ! ಕೂಡ್ರಿ, ಈಗ ಹಾಡ್ತೀನಿ,” ಎಂದರು. ಮಾವನವರು ಹೆಂಡತಿಯ ಎದುರಿಗೇ ಮಣೆ ಎಳೆದುಕೊಂಡು, ನನಗೂ ಒಂದು ಕೊಟ್ಟರು. ಅತ್ತೆ ಗಂಡನನ್ನೊಮ್ಮೆ ನೋಡಿ, ನಾಚಿಕೊಂಡು, ಬೀಸುವ ಪದ ಎತ್ತಿಕೊಂಡರು. ಮೊದಲ ಸಾಲಿಗೇ ನನ್ನ ಮೈ ಜುಮ್ಮೆಂದಿತು. ಇಷ್ಟು ಒಳ್ಳೆಯ ಧ್ವನಿಗೆ ಸಾಗುವಾನಿಗಿಂತ ಬೀಟೆ ಮರವೇ ಸರಿಹೋಗುತ್ತಿತ್ತೇನೋ ಅನ್ನಿಸಿ, ಹೇಳೋಣವೆಂದು ಬಾಯಿ ತೆರೆದೆ.

“ಸುಮ್ಕಿರ್ರಿ,” ಎಂದರು ಮಾವನವರು, ಅತ್ತೆಯ ಮುಖದಿಂದ ಕಣ್ಣು ತೆಗೆಯದೆ.