ಶಿಕ್ಕಾ ಬಿದ್ದ ಮೂರು ಹುಚ್ಚು

ಹುಚ್ಚು ಯಾರಿಗಿರಂಗಿಲ್ಲ ಹೇಳ್ರಿ? ಒಬ್ಬರಿಗೆ ಬಂಗಾರದ್ದು, ಒಬ್ಬರಿಗೆ ಇಲೆಕ್ಷನ್ನಿಂದು. ನಮ್ಮ ತಂಗಿಗೆ ಮಾತ್ರ ಮೂರು ಅವ, ಮತ್ತ ಮೂರಕ್ಕೂ ಯುನಿವರ್ಸಿಟಿಯವರು ಶಿಕ್ಕಾ ಹೊಡದು ಕಾಗದ ಕೊಟ್ಟಾರ. ಹಂಗಾಗಿ ಆಕಿಗೆ ಯಾರೂ ಹುಚ್ಚಿ ಅನ್ನಂಗಿಲ್ಲ, ಡಾಕ್ಟರ್ ಮೇಡಂ ಅಂತಾರ. ಆಕಿ ಹೆಸರು ನಾ ಬರಿಯಂಗಿಲ್ಲ. ಬರದ್ರ ಅದು ಖರೆನೋ ಸುಳ್ಳೋ ಅಂತ ಅದರ ಮ್ಯಾಲೂ ಒಂದು ಸಂಶೋಧನಿ ಮಾಡಿಯಾಳು.

ಮೊದಲನೇ ಹುಚ್ಚು ತರ್ಕ. ಎರಡನೇದು ಲೇಸರ್ ಬಣ್ಣ. ಮೂರನೇದು ಮನಸ್ಸಿನ ಆರೋಗ್ಯ. ಜ್ವಾಳ, ಟ್ರ್ಯಾಕ್ಟರು, ಸೀರಿ ಮೂರನ್ನೂ ಒಂದೇ ಅಂಗಡ್ಯಾಗ ಮಾರಿದಂಗ ಆತಲ್ಲ? ನಾ ಕೇಳಿದೆ, “ಇವು ಮೂರಕ್ಕೂ ಏನು ಬೀಗತನ ಬೇ?”

“ಮೂರೂ ಒಂದೇ ಯಕ್ಕಾ. ಒಳಗ ಏನು ಹಾಕಿದ್ರ ಹೊರಗ ಏನು ಬರ್ತದ ಅಂತ ನೋಡೋದು.”

“ಅಷ್ಟಕ್ಕ ಕಾಲೇಜಿಗೆ ಯಾಕ ಹೋದಿ? ನಮ್ಮ ಎಮ್ಮಿ ಹಿಂದ ನಿಂತ್ರ ಸಾಕಿತ್ತಲ್ಲ.”

ನಮ್ಮ ತವರು ಆಳಂದ ಕಡೆ. ನಾ ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟು ಜೇವರ್ಗಿಗೆ ಸೊಸಿಯಾಗಿ ಬಂದೆ. ನನ್ನ ಪಾಲಿನ ಸಾಲಿನೂ ಆಕಿನ ಕಲಿತಳು, ಮದುವಿ ಗದ್ದಲಕ್ಕ ಹೋಗಲಿಲ್ಲ, ಅಫಜಲಪುರದಾಗ ಕಾಲೇಜಿನ ಹುಡುಗರಿಗೆ ಪಾಠ ಹೇಳಿ ಹೇಳಿ ರಿಟೈರ್ ಆದಳು. ನನ್ನ ಮನಿಯವರು ತೀರಿಕೊಂಡ ಮ್ಯಾಲ ಒಂದು ಟ್ರಂಕು ಹಿಡಕೊಂಡು ನನ್ನ ಮನಿಗೆ ಬಂದಾಳ, ಇನ್ನೂ ಹೋಗಿಲ್ಲ.

ಬಂದದ್ದಕ್ಕ ಕಾರಣ ನಾನ. ಅದನ್ನ ಮುಚ್ಚಿಟ್ಟು ಏನು ಮಾಡಲಿ? ಅವರು ಹೋದ ಮ್ಯಾಲ ನನಗ ಊಟ ಸೇರವಲ್ದು, ನಿದ್ದಿ ಹತ್ತವಲ್ದು. ಒಲಿ ಮುಂದ ಕೂತ್ರ ಹಿಟ್ಟು ನಾದಬೇಕು ಅನ್ನೋದ ಮರ್ತು ಹೋಗ್ತಿತ್ತು. ಮಾತಾಡಾಕ ಬಾಯಿ ತೆಗೀಬೇಕಲ್ಲ ಅಂತ ಬ್ಯಾಸರ. ಬೀಗರು ಗಾಣಗಾಪುರದ ಗುಡಿಗೆ ಕರಕೊಂಡು ಹೋಗ್ರಿ, ಏನೋ ಗಾಳಿ ಬಡಕೊಂಡದ ಅಂದ್ರು. ತಂಗಿ ಕಲಬುರ್ಗಿಗೆ ಹೋಗೋಣ, ಮನಸ್ಸಿನ ಡಾಕ್ಟರು ಅದಾರ ಅಂದಳು. ನಾ ಎರಡೂ ಒಲ್ಲೆ ಅಂದೆ. ಆಕಿ ಟ್ರಂಕಿನ ಬೀಗ ತೆಗೆದು ಸೀರಿ ಹೊರಗ ಎತ್ತಿಟ್ಟಳು. ನಾ ಡಾಕ್ಟರ ಕಡೆ ಹೋಗೋತನಕ ಆಕಿ ಇಲ್ಲಿಂದ ಹೋಗಂಗಿಲ್ಲ, ಅದು ಗೊತ್ತಾತು.

“ನನಗೇನು ಹುಚ್ಚು ಹಿಡದದೇನು, ಆ ಡಾಕ್ಟರ ಕಡೆ ಹೋಗಾಕ?”

“ಹುಚ್ಚು ಹಿಡದವರು ಆ ಡಾಕ್ಟರ ಕಡೆ ಹೋಗ್ತಾರ, ಖರೆ. ಆದ್ರ ಆ ಡಾಕ್ಟರ ಕಡೆ ಹೋದವರೆಲ್ಲ ಹುಚ್ಚು ಹಿಡದವರು ಅಂತ ಆಗಂಗಿಲ್ಲ ಯಕ್ಕಾ. ತರ್ಕದಾಗ ಇದು ದೊಡ್ಡ ತಪ್ಪು.”

“ಹಂಗಾದ್ರ ನೀನ ಹೋಗಿ ಬಾ. ತಪ್ಪೇನಿಲ್ಲಲ್ಲ.”

ತರ್ಕ ಅಂದ್ರ ಏನು ಅಂತ ನಮ್ಮ ಓಣಿಗೆ ಗೊತ್ತಾದದ್ದು ಹಿಂದಿನ ಮನಿ ಮುದುಕಗ ಆರಾಮಿಲ್ಲದಾಗ. ನಾವಿಬ್ಬರೂ ಮಾತಾಡಿಸಾಕ ಹೋಗಿದ್ವಿ. ಎದ್ದು ಬರುವಾಗ ನಾ “ಬರ್ತೇನ್ರಿ” ಅಂದೆ. ಆಕಿ ಮಂಚದ ಮ್ಯಾಲಿನ ಮುದುಕನ ಮುಖ ನೋಡಿ “ಹೋಗ್ತೇನ್ರಿ” ಅಂದಳು. ಮುದುಕಿ ಎದಿ ಒಡಕೊಂಡಳು. ಜಡ್ಡಿನವರ ಮನ್ಯಾಗ ಯಾರಾದ್ರೂ ಹೋಗ್ತೇನಿ ಅಂತಾರೇನ್ರಿ?

“ಬರ್ತೇನಿ ಅನ್ನಬಾರದೇನ್ರಿ ಮೇಡಂ?”

“ಹ್ಯಾಂಗ ಅನ್ನಲ್ರಿ? ನಾ ಹೊಂಟೇನಿ ಅನ್ನೋದು ಖಾತ್ರಿ. ಮತ್ತ ಬರೋದು ಖಾತ್ರಿ ಇಲ್ಲ.”

“ಹಂಗಾದ್ರ ಬರಲೇಬ್ಯಾಡ್ರಿ ತಾಯಿ,” ಅಂದ ಮಂಚದ ಮ್ಯಾಲಿನ ಮುದುಕ. ಮರುದಿನ ಎದ್ದು ಕೂತು ಚಹಾ ಕುಡದ. ತನ್ನ ತರ್ಕದಿಂದಲೇ ಆರಾಮಾತು ಅಂತ ನಮ್ಮಾಕಿ ಹೇಳಲಿಲ್ಲ. ಅದಕ್ಕೂ ಪುರಾವೆ ಇಲ್ಲಂತ.

ಇನ್ನ ಬಣ್ಣದ ಕತಿ. ಯಾವುದೋ ಬಣ್ಣ ಸ್ಪಿರಿಟ್ಟಿನಾಗ ಕರಗಿಸಿ ಅದರ ಮ್ಯಾಲ ಹಸಿರು ಬೆಳಕು ಬಿಟ್ರ ಅದು ತಿರುಗಿ ಕೇಸರಿ ಬೆಳಕು ಕೊಡ್ತದಂತ, ಅದರಿಂದ ಲೇಸರ್ ಮಾಡ್ತಾರಂತ. ಕೊಡಲಿ, ನನಗೇನು? ಆದ್ರ ಆಕಿ ಟ್ರಂಕಿನಾಗ ಆ ಬಣ್ಣದ ಪುಡಿಯ ಒಂದು ಸಣ್ಣ ಸೀಸೆ ಉಳದಿತ್ತು. ಕಾಲೇಜಿನ ನೆನಪಿಗೆ ಅಂತ ಇಟ್ಕೊಂಡಿದ್ದಳು. ಬ್ಯಾರೆಯವರು ಫೋಟೋ ಇಟ್ಕೋತಾರ. ಟ್ರಂಕು ಝಾಡಿಸುವಾಗ ಅದು ಬಚ್ಚಲಾಗ ಬಿದ್ದು ಒಡೀತು. ಚಿಟಿಕಿಯಷ್ಟು ಪುಡಿ ಇರಬೇಕು. ನಾ ಒಂದು ಕೊಡ ನೀರು ಸುರವಿದೆ, ಮುಗೀತು. ಬಚ್ಚಲ ಗುಲಾಬಿ, ನನ್ನ ಅಂಗಾಲು ಗುಲಾಬಿ, ಓಣಿ ಗಟಾರ ಉದ್ದಕ್ಕೂ ಗುಲಾಬಿ. ನಮ್ಮ ಓಣ್ಯಾಗ ಒಂದು ಬಿಳೀ ನಾಯಿ ಅದ, ಝಳಕ್ಕ ಗಟಾರದಾಗೇ ಮಲಗ್ತದ. ಅದು ಎದ್ದು ಬಂದಾಗ ಮದುಮಗಳು ಬಂದಂಗ ಬಂತು.

ಯಾರೋ ದೇವರ ನಾಯಿ ಅಂದ್ರು. ಇನ್ಯಾರೋ ಕೈ ಮುಗದ್ರು. ಮನಿ ಮನಿಯಿಂದ ಅದಕ್ಕ ಬಿಸಿ ರೊಟ್ಟಿ, ಹಾಲು. ನಮ್ಮಾಕಿ ಬಾಗಿಲ ಬಾಗಿಲಕ್ಕ ಹೋಗಿ “ದೇವರಲ್ರಿ, ಬಣ್ಣ” ಅಂತ ಹೇಳಿ ಬಂದಳು. ಯಾರೂ ನಂಬಲಿಲ್ಲ. ಆಮ್ಯಾಲ ಬಣ್ಣ ಹೋತು, ನಾಯಿಗೆ ಮತ್ತ ಕಲ್ಲ ಬಿದ್ದವು. ಆ ನಾಯಿ ಈಗಲೂ ನಮ್ಮ ಬಚ್ಚಲ ಮೋರಿ ಮುಂದ ಬಂದು ಕೂಡ್ತದ.

ಈ ಮೂರನೇ ಹುಚ್ಚು ಶುರುವಾದದ್ದು ಇಲ್ಲಿಗೆ ಬಂದ ಮ್ಯಾಲ. ಓಣಿ ಹೆಣ್ಣುಮಕ್ಕಳ ಮನಸ್ಸು ಹ್ಯಾಂಗದ ಅಂತ ಕೇಳಿ ಬರಕೊಳ್ಳೋದು. ಅದಕ್ಕ ಯುನಿವರ್ಸಿಟಿಯಿಂದ ಒಪ್ಪಿಗಿ ತರಿಸಿದಳು. ಪ್ರಶ್ನೆಗಳನ್ನ ಇಂಗ್ಲಿಷಿನಿಂದ ತಾನ ಕನ್ನಡಕ್ಕ ಮಾಡಿದ್ದಳು. ಕನ್ನಡ ಅಂದ್ರ ಎಂಥಾ ಕನ್ನಡ?

“ಇತ್ತೀಚೆಗೆ ನಿಮಗೆ ಖಿನ್ನತೆ ಉಂಟಾಗಿದೆಯೇ?”

ಬಾಜೂ ಮನಿಯಾಕಿ ಒಂದು ಕ್ಷಣ ವಿಚಾರ ಮಾಡಿದಳು. “ನಮ್ಮ ಮನ್ಯಾಗ ಇಲ್ರಿ ಮೇಡಂ. ಬೇಕಾದ್ರ ನನ್ನ ನೆಗೆಣ್ಣಿ ಮನ್ಯಾಗ ಕೇಳಿ ತರ್ತೇನಿ.”

ಉಳಿದವರು ಇನ್ನೂ ಸೊಗಸು. ಕಲತ ಹೆಣ್ಣುಮಗಳು ಮನಿಗೆ ಬಂದು ಕೂತು ಏನೋ ಕೇಳಾಕತ್ತಾಳ, ಇಲ್ಲ ಅಂದ್ರ ಚಂದಾಗ್ತದೇನು? ಎಲ್ಲದಕ್ಕೂ ಹೌದ್ರಿ ಅಂದ್ರು. ನಿದ್ದಿ ಬರಂಗಿಲ್ಲೇನ್ರಿ? ಹೌದ್ರಿ. ನಿದ್ದಿ ಛಲೋ ಬರ್ತದೇನ್ರಿ? ಹೌದ್ರಿ. ಸಂಜಿಗೆ ಆಕಿ ತಲಿ ಹಿಡಕೊಂಡು ಕೂತಳು.

“ಯಕ್ಕಾ, ಒಂದೇ ಮಾತು ಖರೆನೂ ಆಗಿ ಸುಳ್ಳೂ ಆಗಾಕ ಬರಂಗಿಲ್ಲ.”

“ಅದು ನಿನ್ನ ಕಾಲೇಜಿನಾಗ. ಜೇವರ್ಗ್ಯಾಗ ಬರ್ತದ.”

ಆಮ್ಯಾಲ ಆಕಿ ಆ ಪುಸ್ತಕದ ಮಾತೆಲ್ಲ ಬಿಟ್ಟು “ಜೀವ ಹ್ಯಾಂಗದ ಬೇ?” ಅಂತ ಕೇಳಾಕ ಹತ್ತಿದಳು. ತಪ್ಪು ಮಾಡಿದಳು. ಒಬ್ಬಾಕಿ ಮುಂಜಾನಿ ಅತ್ತಿ ಕತಿ ಶುರು ಮಾಡಿದ್ರ ದೀಪ ಹಚ್ಚೋ ಹೊತ್ತಿಗೆ ಆ ಕತ್ಯಾಗ ಇನ್ನೂ ಅರಿಶಿಣದ ನೀರು ಹಾಕಿಸಿಕೊಳ್ಳಾಕತ್ತಿದ್ದಳು. ಮದುವಿ ಆಗೋದ ಬಾಕಿ ಇತ್ತು.

ಪ್ರಶ್ನೆಗಳ ಕಡೀಕ ಒಂದು ಇತ್ತು. ಅದನ್ನ ಕೇಳುವಾಗ ಆಕಿ ಮಕ್ಕಳನ್ನ ಹೊರಗ ಆಡಾಕ ಕಳಸ್ತಿದ್ದಳು, ದನಿ ಇಳಸ್ತಿದ್ದಳು. “ಸಾಯಬೇಕು ಅಂತ ಅನಿಸ್ತದೇನು?” ಎಷ್ಟೋ ಮಂದಿ ಇಲ್ಲ ಅಂದ್ರು. ಯಾವಾಗಲೂ ನಗೋ ಒಬ್ಬಾಕಿ ಎದ್ದು ಬಾಗಿಲ ಮುಂದ ಮಾಡಿದಳು. ಆಕಿನ್ನ ನಮ್ಮಾಕಿ ತಾನ ಸಂಗಾಟ ಹೋಗಿ ಡಾಕ್ಟರಿಗೆ ತೋರಿಸಿಕೊಂಡು ಬಂದಳು. ಆಕಿ ಸಂಗಾಟ ಹೋಗಿ ಬಾಗಿಲ ಹೊರಗ ಕೂತ ನನಗ ಎಲ್ಲಾ ಮನ್ಯಾಗೂ ಆ ಪ್ರಶ್ನೆ ಕೇಳಿಸ್ಯದ. ಯಾರಿಗೂ ಬಿಡಲಿಲ್ಲ, ಹಲ್ಲಿಲ್ಲದ ಮುದುಕಿಗೂ ಬಿಡಲಿಲ್ಲ. ಕೇಳಿದ್ರ ಯಾರಿಗೂ ಇಲ್ಲದ ವಿಚಾರ ಬರಂಗಿಲ್ಲ, ಕೇಳದಿದ್ರ ಒಳಗಿದ್ದದ್ದು ಒಳಗ ಉಳೀತದ ಅಂತಿದ್ದಳು.

ಎಲ್ಲಾರೂ ಮುಗದ ಮ್ಯಾಲ ನನ್ನ ಪಾಳಿ ಬಂತು. ಮಧ್ಯಾಹ್ನ. ನಾ ಪಡಸಾಲ್ಯಾಗ ಕೇರೋ ಮರದಾಗ ತೊಗರಿ ಬ್ಯಾಳಿ ಹಾಕ್ಕೊಂಡು ಕಲ್ಲು ಆರಿಸಾಕತ್ತಿದ್ದೆ. ಎದುರಿಗೆ ಕೂತು ಪೆನ್ನು ತೆಗೆದಳು.

“ನಿದ್ದಿ?”

“ನೀ ಗೊರಕಿ ಬಿಟ್ರ ಬರ್ತದ.”

“ಊಟ?”

“ನೀ ಅಡಗಿ ಬಿಟ್ರ ಸೇರ್ತದ.”

“ಯಾವುದರಾಗಾದ್ರೂ ಮನಸ್ಸು ಹತ್ತತದೇನು?”

“ನಿನ್ನ ಬೈಯೋದ್ರಾಗ.”

ಎಲ್ಲಾ ಬರಕೊಂಡಳು. ನಗಲಿಲ್ಲ. ಆಮ್ಯಾಲ ಪೆನ್ನಿಗೆ ಟೋಪಿ ಹಾಕಿದಳು.

“ಮುಗೀತೇನು?” ಅಂದೆ.

“ಮುಗೀತು.”

“ಇನ್ನೊಂದು ಅದಲ್ಲ.”

“ಇಲ್ಲ. ಅಷ್ಟ ಇರೋದು.”

ಎದ್ದು ನೀರಿನ ಕೊಡದ ಕಡೆ ಹೋದಳು. ನನಗ ಬೆನ್ನು ಮಾಡಿ ನಿಂತು ಚರಿಗಿಗೆ ನೀರು ಹಾಕಾಕತ್ತಿದಳು. ಚರಿಗಿ ತುಂಬಿತ್ತು, ಇನ್ನೂ ಹಾಕಾಕತ್ತಿದಳು.

“ಅನಿಸಿತ್ತು ಬೇ,” ಅಂದೆ. “ನೀ ಬರೋಕಿಂತ ಮೊದಲ. ನೀ ಬಂದ ಮ್ಯಾಲೂ, ಒಂದೊಂದು ಸಲ.”

ಆಕಿ ತಿರುಗಲಿಲ್ಲ. ನೀರು ನೆಲದ ಮ್ಯಾಲ ಹರದು ನನ್ನ ಮರದತನಕ ಬಂತು. ನಾ ಮರ ಎತ್ತಿ ತೊಡಿ ಮ್ಯಾಲ ಇಟ್ಕೊಂಡೆ.

“ಬರಕೊಳ್ಳಲೇನು?” ಅಂದಳು. ಸಣ್ಣಾಕಿ ಇದ್ದಾಗ ಕೇಳ್ತಿದ್ದಳಲ್ಲ, ಅಂಥಾ ದನಿ.

“ಬರಕೋ. ಮುಂಜಾನಿ ಕಲಬುರ್ಗಿ ಬಸ್ಸು ಎಷ್ಟಕ್ಕದ ಅಂತನೂ ಕೇಳ್ಕೊಂಡು ಬಾ. ಇಬ್ಬರೂ ಹೋಗೋಣ.”

ಬರಕೊಳ್ಳಲಿಲ್ಲ. ಬಂದು ನನ್ನ ಮಗ್ಗಲಾಗ ಕೂತು ಮರದಾಗ ಕೈ ಹಾಕಿದಳು. ಕಲ್ಲು ಆರಿಸ್ತೀನಿ ಅಂತ. ಕಣ್ಣು ತುಂಬಿ ಏನೂ ಕಾಣವಲ್ದು ಆಕಿಗೆ. ಕಲ್ಲು ಮರದಾಗ ಬಿಟ್ಟು, ಬ್ಯಾಳಿ ಆರಿಸಿ ಆರಿಸಿ ಅಂಗಳಕ್ಕ ಒಗ್ಯಾಕತ್ತಿದಳು. ತೊಗರಿ ಬ್ಯಾಳಿ ಈಗ ಏನು ತುಟ್ಟಿ ಆಗ್ಯಾವ ನಿಮಗೂ ಗೊತ್ತದ. ಆದ್ರೂ ಒಗೀಲಿ ಅಂತ ಮರ ಆಕಿ ಕಡೆ ಸ್ವಲ್ಪ ವಾಲಿಸಿ ಹಿಡದೆ.